ಮಧ್ಯರಾತ್ರಿಗೆ ಕಳೆದುಹೋಗುವ ಡೇಟಾ

ಕಕ್ಕಡದ ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೇ ಮೊಬೈಲ್ ಸಿಗ್ನಲ್ಲು. ಮರ ಬಿದ್ದು ತಂತಿ ಹರಿದರೆ ಟವರ್ ಒಂದಷ್ಟು ಹೊತ್ತು ಬ್ಯಾಟರಿಯ ಮೇಲೆ ನಡೆಯುತ್ತದೆ, ಆಮೇಲೆ ಜನರೇಟರ್ ಮೇಲೆ. ಡೀಸೆಲ್ ತರುವ ಜೀಪು ಗುಡ್ಡ ಹತ್ತಲಾಗದಿದ್ದರೆ ಅದೂ ನಿಲ್ಲುತ್ತದೆ. ಭಾಗಮಂಡಲ, ನಾಪೋಕ್ಲು, ಬಿರುನಾಣಿ ಕಡೆಯ ಒಂಟಿಮನೆಗಳಲ್ಲಿ ಆಗ ಒಂದು ದಿನ, ಎರಡು ದಿನ, ಕೆಲವು ಸಲ ಅದಕ್ಕೂ ಹೆಚ್ಚು ದಿನ ಫೋನಿಗೆ ಟಾರ್ಚ್ ಹಾಕುವುದಷ್ಟೇ ಕೆಲಸ. ಸಿಗ್ನಲ್ ಮರಳಿದ ಬೆಳಿಗ್ಗೆ ತಡೆದಿಟ್ಟದ್ದೆಲ್ಲ ಒಮ್ಮೆಗೇ ಇಳಿಯತೊಡಗುತ್ತದೆ. ನೆಂಟರ ಫೋಟೊಗಳು, ಮಕ್ಕಳ ಶಾಲೆಯ ನೋಟ್ಸು, ಕಾಫಿ-ಕರಿಮೆಣಸಿನ ದರ, ಎಲ್ಲಿ ಬರೆ ಕುಸಿದಿದೆ ಎಂಬ ವಿಡಿಯೊ, ಆ್ಯಪ್‌ಗಳ ಅಪ್‌ಡೇಟು. ಮಧ್ಯಾಹ್ನದ ಊಟದ ಹೊತ್ತಿಗೆ ಕಂಪನಿಯ ಎಸ್‌ಎಂಎಸ್ ಬರುತ್ತದೆ: ದಿನದ ಡೇಟಾ ಪೂರ್ತಿ ಮುಗಿದಿದೆ, ಇನ್ನು ವೇಗ ಕಡಿಮೆ. ಸಿಗ್ನಲ್ ಇಲ್ಲದ ದಿನಗಳಲ್ಲಿ ಮುಟ್ಟದೇ ಉಳಿದ ತಲಾ ಒಂದೂವರೆ ಜಿಬಿ ಮಾತ್ರ ಯಾವ ಲೆಕ್ಕದಲ್ಲೂ ಕಾಣಿಸುವುದಿಲ್ಲ. ಅದು ಆಯಾ ದಿನದ ಮಧ್ಯರಾತ್ರಿಗೇ ರದ್ದಾಗಿರುತ್ತದೆ.

ರೀಚಾರ್ಜ್ ಮಾಡುವಾಗ ಆ ಪ್ಯಾಕಿನ ಮೇಲೆ ಅನ್‌ಲಿಮಿಟೆಡ್ ಎಂದೇ ಬರೆದಿತ್ತು.

ವಿಪರೀತ ಡೇಟಾ ಬಳಸುವವರಿಗೆ ಮೊಬೈಲ್ ಕಂಪನಿಗಳು ಒಂದು ಮಿತಿ ಹಾಕುವುದರಲ್ಲಿ ತಪ್ಪಿಲ್ಲ, ಅದಕ್ಕೆ ತಾಂತ್ರಿಕ ಕಾರಣವಿದೆ. ಆದರೆ ಈಗಿನ ಮಿತಿಯನ್ನು ಹೊಲಿದಿರುವುದು ದಿನದ 24 ಗಂಟೆಯೂ ಸಿಗ್ನಲ್ ಇರುವ ನಗರದ ಅಳತೆಗೆ. ಸಿಗ್ನಲ್ ಬಂದು ಹೋಗುವ ಜಾಗದಲ್ಲಿ ಅದೇ ಮಿತಿ ಎರಡು ಸಲ ಪೆಟ್ಟು ಕೊಡುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಕರ್ನಾಟಕದಲ್ಲಿ ಕೊಡಗಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ದಿನದ ಕೋಟಾ ಎಂಬ ಪದ್ಧತಿ ಮನೆಮಾತಾಗಿ ಹತ್ತು ವರ್ಷ ಆಗುತ್ತಾ ಬಂತು. 2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಆರಂಭಿಸಿದಾಗ ಡೇಟಾ ಪುಕ್ಕಟೆಯಾಗಿತ್ತು. ಆಗಲೂ ಅದಕ್ಕೆ ದಿನಕ್ಕೆ 4 ಜಿಬಿಯ ಗೆರೆ ಇತ್ತು. ಅದನ್ನು ದಾಟಿದರೆ ವೇಗ 128 ಕೆಬಿಪಿಎಸ್‌ಗೆ ಇಳಿಯುತ್ತಿತ್ತು. 2017ರ ಜನವರಿ 1ರಿಂದ ಆ ಗೆರೆ ದಿನಕ್ಕೆ 1 ಜಿಬಿಗೆ ಬಂತು. ಉಳಿದ ಕಂಪನಿಗಳೂ ಅದೇ ಜಾಡು ಹಿಡಿದವು. ಕರೆ ಎಷ್ಟು ಬೇಕಾದರೂ ಮಾಡಿ, ಡೇಟಾ ದಿನಕ್ಕಿಷ್ಟು, ಅವಧಿ 28 ದಿನ ಅಥವಾ 84 ದಿನ. ಇದೇ ಇವತ್ತಿನ ಪ್ರಿಪೇಯ್ಡ್ ಪ್ಯಾಕಿನ ಅಚ್ಚು.

ಇದರಿಂದ ಆದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಸರ್ಕಾರದ ಲೆಕ್ಕದಲ್ಲಿ 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಬೀಳುತ್ತಿತ್ತು, ಒಬ್ಬ ಗ್ರಾಹಕ ತಿಂಗಳಿಗೆ ಬಳಸುತ್ತಿದ್ದುದು 62 ಎಂಬಿ ಮಾತ್ರ. ಒಂದು ದಶಕದಲ್ಲಿ ದರ ಜಿಬಿಗೆ ಹತ್ತು ರೂಪಾಯಿಯ ಆಸುಪಾಸಿಗೆ ಇಳಿಯಿತು, ಬಳಕೆ ತಿಂಗಳಿಗೆ 20 ಜಿಬಿಯ ಹತ್ತಿರ ಬಂತು. ತೋಟದ ಲೈನ್‌ಮನೆಯಲ್ಲಿರುವ ಕಾರ್ಮಿಕ ಅಸ್ಸಾಮಿನಲ್ಲಿರುವ ತಾಯಿಯ ಮುಖ ನೋಡಿ ಮಾತಾಡುವುದು ಸಾಧ್ಯವಾದದ್ದು ಈ ಅಗ್ಗದ ಡೇಟಾದಿಂದಲೇ.

ಕೋಟಾ ಮುಗಿದ ಮೇಲೆ ನಿಜಕ್ಕೂ ಏನಾಗುತ್ತದೆ? ನೆಟ್ ಪೂರ್ತಿ ನಿಲ್ಲುವುದಿಲ್ಲ. ಕಂಪನಿಯ ಸರ್ವರ್ ಪ್ರತಿ ಸಿಮ್‌ನ ಬಳಕೆಯನ್ನು ಎಣಿಸುತ್ತಲೇ ಇರುತ್ತದೆ. ಗೆರೆ ದಾಟಿದ ಕೂಡಲೇ ಆ ಸಿಮ್‌ಗೆ ಹೊಸ ವೇಗದ ಆಜ್ಞೆ ಹೊರಡುತ್ತದೆ. ಜಿಯೊ, ಏರ್‌ಟೆಲ್‌ನ ದಿನದ ಕೋಟಾದ ಪ್ಯಾಕುಗಳಲ್ಲಿ ಈ ಇಳಿದ ವೇಗ 64 ಕೆಬಿಪಿಎಸ್, ಬಿಎಸ್‌ಎನ್‌ಎಲ್‌ನ ಹಲವು ಪ್ಯಾಕುಗಳಲ್ಲಿ 40 ಕೆಬಿಪಿಎಸ್. ಟವರ್ ಪಕ್ಕದಲ್ಲೇ ನಿಂತು ಸಿಗ್ನಲ್ ಕಡ್ಡಿಗಳೆಲ್ಲ ತುಂಬಿದ್ದರೂ ಅಷ್ಟೇ. ಮಾಮೂಲಿ ಕರೆಗೆ ಮಾತ್ರ ಏನೂ ತೊಂದರೆ ಇಲ್ಲ, ಅದು ಬೇರೆ ದಾರಿಯಲ್ಲಿ ಹೋಗುತ್ತದೆ.

64 ಕೆಬಿಪಿಎಸ್ ಅಂದರೆ ಎಷ್ಟು ಎಂಬುದನ್ನು ಒಂದು ಕೆಲಸಕ್ಕೆ ಹಚ್ಚಿ ನೋಡಿದರೆ ಗೊತ್ತಾಗುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ 64 ಕಿಲೋಬಿಟ್ ಎಂದರೆ ಸೆಕೆಂಡಿಗೆ 8 ಕಿಲೋಬೈಟ್. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೊ ಸುಮಾರು 3 ಎಂಬಿ ತೂಗುತ್ತದೆ. ಅದು ಮೂಲ ಗಾತ್ರದಲ್ಲೇ ಹೋಗಬೇಕೆಂದರೆ ಆರು ನಿಮಿಷ ಹದಿನೈದು ಸೆಕೆಂಡು ಬೇಕು, 40 ಕೆಬಿಪಿಎಸ್‌ನಲ್ಲಿ ಹತ್ತು ನಿಮಿಷ. 15 ಎಂಬಿಯ ಇ-ಪೇಪರ್ ಇಳಿಯಲು ಅರ್ಧ ಗಂಟೆ ದಾಟುತ್ತದೆ. ಒಂದು ಗಂಟೆಯಿಡೀ ಎಡೆಬಿಡದೆ ನಡೆದರೂ ಬರುವುದು 29 ಎಂಬಿಗಿಂತ ಕಡಿಮೆ. ಲೆಕ್ಕದ ಪ್ರಕಾರವೇ ಇಷ್ಟು. ನಡುವೆ ಸಿಗ್ನಲ್ ಒಮ್ಮೆ ತಪ್ಪಿದರೆ ಬಹಳಷ್ಟು ಆ್ಯಪ್‌ಗಳು ಮತ್ತೆ ಮೊದಲಿಂದ ಶುರು ಮಾಡುತ್ತವೆ. ಯುಪಿಐ ಪಾವತಿಗೆ ಬೇಕಾದ ಮಾಹಿತಿ ಬಹಳ ಸಣ್ಣದು, ಆದರೂ ಆ್ಯಪ್ ತೆರೆದುಕೊಳ್ಳುವಷ್ಟರಲ್ಲೇ ಸಮಯ ಮೀರಿತು ಎಂಬ ಸಂದೇಶ ಬರುತ್ತದೆ. ಅಂಗಡಿಯವರ ಮುಂದೆ ಸಾಮಾನಿನ ಚೀಲ ಹಿಡಿದು ನಿಂತವರಿಗೆ ಇದರ ಸಂಕಟ ಗೊತ್ತು.

ಮನರಂಜನೆ ಕಡಿಮೆ ಆದರೆ ಏನಂತೆ ಎಂದು ಕೇಳಬಹುದು. ಮೊಬೈಲ್ ಡೇಟಾ ಈಗ ಮನರಂಜನೆಯ ಬಾಬತ್ತಾಗಿ ಉಳಿದಿಲ್ಲ, ಹಾಗೆ ಉಳಿಯದಂತೆ ಮಾಡಿದ್ದರಲ್ಲಿ ಸರ್ಕಾರದ ಪಾಲೂ ದೊಡ್ಡದು. ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತಮ್ಮ ಜಮೀನಿನ ಫೋಟೊ ತೆಗೆದು ಸೇರಿಸುವ ವ್ಯವಸ್ಥೆ ಬಂತು. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಕೂಲಿಕಾರರ ಹಾಜರಿಗೆ ದಿನಕ್ಕೆ ಎರಡು ಸಲ, ಸ್ಥಳ ಮತ್ತು ಸಮಯ ನಮೂದಾಗುವ ಫೋಟೊ ಕಡ್ಡಾಯವಾಯಿತು. ಪಡಿತರ ಚೀಟಿಯ ಇ-ಕೆವೈಸಿ, ಬ್ಯಾಂಕಿನ ಒಟಿಪಿ, ಕಾಡಾನೆ ಯಾವ ತೋಟಕ್ಕೆ ಇಳಿದಿದೆ ಎಂದು ತಿಳಿಸುವ ವಾಟ್ಸ್‌ಆ್ಯಪ್ ಗುಂಪು, ಎಲ್ಲದಕ್ಕೂ ಅದೇ ಫೋನು. ಕೋವಿಡ್ ಕಾಲದಲ್ಲಿ, 2021ರಲ್ಲಿ, ಕೊಡಗಿನ ಮುಳ್ಳೂರು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಅಲ್ಲಿಂದಲೇ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿದರು. ಕೆಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಸೆಕೆಂಡಿಗೆ ಒಂದು ಮೆಗಾಬಿಟ್ ಬೇಡುವ ಸಾಧಾರಣ ಗುಣಮಟ್ಟದ ವಿಡಿಯೊ ಪಾಠವೊಂದು ತಾಸಿಗೆ 450 ಎಂಬಿ ನುಂಗುತ್ತದೆ. ಇಬ್ಬರು ಮಕ್ಕಳಿದ್ದು ಒಂದೇ ಫೋನ್ ಇರುವ ಮನೆಯಲ್ಲಿ ತಲಾ ಎರಡು ತಾಸಿನ ಪಾಠ ನಡೆದರೆ 1.8 ಜಿಬಿ. ಒಂದೂವರೆ ಜಿಬಿಯ ಕೋಟಾ ಎರಡನೆಯ ಮಗುವಿನ ಪಾಠದ ನಡುವೆಯೇ ಮುಗಿಯುತ್ತದೆ.

ಇನ್ನು ಕಂಪನಿಗಳ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಟವರ್‌ನಿಂದ ಹೊರಡುವ ರೇಡಿಯೊ ತರಂಗದ ಪಟ್ಟಿ ಒಂದೇ, ಆ ಸುತ್ತಿನ ಎಲ್ಲ ಫೋನುಗಳೂ ಅದನ್ನೇ ಹಂಚಿಕೊಳ್ಳಬೇಕು. 5 ಮೆಗಾಹರ್ಟ್ಸ್ ಅಗಲದ 4ಜಿ ಪಟ್ಟಿಯೊಂದು ಸಾಮಾನ್ಯ ಜೋಡಿ ಆಂಟೆನಾದಲ್ಲಿ ಪುಸ್ತಕದ ಲೆಕ್ಕಕ್ಕೆ 37 ಎಂಬಿಪಿಎಸ್‌ನಷ್ಟು ಕೊಡಬಲ್ಲದು. ವಾಸ್ತವದಲ್ಲಿ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಐದಾರು ಮಂದಿ ಒಟ್ಟಿಗೆ ದೊಡ್ಡ ತೆರೆಯಲ್ಲಿ ಸಿನಿಮಾ ಹಚ್ಚಿದರೆ ಉಳಿದವರ ಪಾಲಿಗೆ ಚಕ್ರ ಸುತ್ತುತ್ತಾ ಕೂರುತ್ತದೆ.

ಕೊಡಗಿನಲ್ಲಿ ಈ ಹಂಚಿಕೆ ಇನ್ನೂ ಇಕ್ಕಟ್ಟಿನದು. 4,102 ಚದರ ಕಿಲೋಮೀಟರ್ ಹರಡಿರುವ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಇರುವವರು 5,54,519 ಮಂದಿ. ಚದರ ಕಿಲೋಮೀಟರಿಗೆ 135 ಜನ, ರಾಜ್ಯದ ಸರಾಸರಿ 319. ತೋಟದ ನಡುವೆ ಒಂದೊಂದು ಮನೆ, ನಡುವೆ ಗದ್ದೆ, ತೋಡು, ಗುಡ್ಡ. ಗ್ರಾಹಕರು ಕಡಿಮೆ ಇರುವ ಕಡೆ ಟವರ್ ಹಾಕಲು ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ಅರಣ್ಯದ ಅಂಚಿನಲ್ಲಿ ಅನುಮತಿಯ ಪ್ರಶ್ನೆ ಬೇರೆ. ಹೀಗಾಗಿ ಒಂದೊಂದು ಟವರ್ ಕಾಯಬೇಕಾದ ಸೀಮೆ ದೊಡ್ಡದು, ಅದರ ಅಂಚಿನಲ್ಲಿರುವ ಮನೆಗಳು ಹೆಚ್ಚು.

ಅಂಚಿನ ಮನೆಗೆ ಇನ್ನೊಂದು ತೊಡಕಿದೆ, ಇದು ಹೊರಗೆ ಕಾಣುವಂಥದ್ದಲ್ಲ. ದೂರದಲ್ಲಿ ನಿಂತವರಿಗೆ ಮಾತು ಮುಟ್ಟಬೇಕೆಂದರೆ ಬಿಡಿಸಿ ಬಿಡಿಸಿ, ಎರಡೆರಡು ಸಲ ಹೇಳಬೇಕಾಗುತ್ತದಲ್ಲ, ಟವರ್ ಕೂಡ ದುರ್ಬಲ ಸಿಗ್ನಲ್ ಇರುವ ಫೋನಿನೊಡನೆ ಹಾಗೆಯೇ ವ್ಯವಹರಿಸುತ್ತದೆ. ಅದೇ ಒಂದು ಎಂಬಿಯನ್ನು ಕಣಿವೆಯ ಮನೆಗೆ ಮುಟ್ಟಿಸಲು, ಟವರ್ ಬುಡದ ಮನೆಗೆ ಮುಟ್ಟಿಸುವುದಕ್ಕಿಂತ ಹಲವು ಪಟ್ಟು ಹೆಚ್ಚು ಸಮಯ ಮತ್ತು ತರಂಗ ಖರ್ಚಾಗುತ್ತದೆ. ಮೇಲಾಗಿ ಗುಡ್ಡದ ಮೇಲಿನ ಟವರ್‌ಗಳಿಗೆ ನೆಲದಡಿಯ ಫೈಬರ್ ಇಲ್ಲದಿದ್ದರೆ, ಎದುರಿನ ಗುಡ್ಡದ ಟವರ್‌ನಿಂದ ಮೈಕ್ರೋವೇವ್ ಡಿಶ್ ಮೂಲಕ ನೆಟ್ ಬರಬೇಕು. ಅದರ ಸಾಮರ್ಥ್ಯಕ್ಕೂ ಒಂದು ಎಲ್ಲೆ ಇದೆ. ವಾರಾಂತ್ಯಕ್ಕೆ ಬೆಂಗಳೂರಿನ ಕಾರುಗಳು ಹೋಮ್‌ಸ್ಟೇಗಳನ್ನು ತುಂಬಿದಾಗ, ಮಡಿಕೇರಿ ದಸರಾದ ರಾತ್ರಿ, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಜನ ಸೇರಿದಾಗ, ಇದ್ದಷ್ಟೇ ತರಂಗವನ್ನು ಎಷ್ಟೋ ಪಟ್ಟು ಫೋನುಗಳು ಹಂಚಿಕೊಳ್ಳುತ್ತವೆ. ಇಂಥ ಕಡೆ ಒಬ್ಬರು ಸಿಮ್‌ನ ಹಾಟ್‌ಸ್ಪಾಟಿನಿಂದ ಇಡೀ ಲಾಡ್ಜಿಗೆ ಟಿವಿ ನಡೆಸಿದರೆ ಸುತ್ತಲಿನವರಿಗೆ ಅನ್ಯಾಯ. ಮಿತಿ ಬೇಕು.

ಆದರೆ ದಿನದ ಕೋಟಾ ಈ ಅನ್ಯಾಯವನ್ನು ತಡೆಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಟವರ್ ಮೇಲೆ ಅತಿ ಹೆಚ್ಚು ಹೊರೆ. ಆಗ ಕೋಟಾ ಉಳಿದವರೆಲ್ಲ ಒಟ್ಟಿಗೆ ವಿಡಿಯೊ ಹಚ್ಚಬಹುದು, ಯಾವ ತಡೆಯೂ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಜನ ತೋಟದಲ್ಲಿರುತ್ತಾರೆ, ಟವರ್ ಖಾಲಿ ಹೊಡೆಯುತ್ತಿರುತ್ತದೆ. ಆಗ ಕೋಟಾ ಮುಗಿದ ಒಬ್ಬರಿಗೆ 64 ಕೆಬಿಪಿಎಸ್‌ಗಿಂತ ಒಂದು ಹನಿ ಹೆಚ್ಚು ಕೊಟ್ಟರೂ ಬೇರೆ ಯಾರಿಗೂ ನಷ್ಟವಿಲ್ಲ, ಆದರೂ ಕೊಡುವುದಿಲ್ಲ. ಅಮೆರಿಕದ ಹಲವು ಪ್ಯಾಕುಗಳಲ್ಲಿ ಇಂತಿಷ್ಟು ಜಿಬಿ ದಾಟಿದವರನ್ನು ಸರದಿಯಲ್ಲಿ ಹಿಂದಕ್ಕೆ ತಳ್ಳುತ್ತಾರೆ, ಅದೂ ಆ ಟವರ್‌ನಲ್ಲಿ ದಟ್ಟಣೆ ಇದ್ದಾಗ ಮಾತ್ರ. ಟವರ್ ಖಾಲಿ ಇದ್ದರೆ ಪೂರ್ಣ ವೇಗ. ಇಲ್ಲಿ ವೊಡಾಫೋನ್ ಐಡಿಯಾ ತನ್ನ ಕೆಲವು ಪ್ಯಾಕುಗಳಲ್ಲಿ ಮಧ್ಯರಾತ್ರಿಯ ನಂತರದ ಬಳಕೆಯನ್ನು ಕೋಟಾದಿಂದ ಹೊರಗಿಟ್ಟಿತು, ಸೋಮವಾರದಿಂದ ಶುಕ್ರವಾರದವರೆಗೆ ಉಳಿದದ್ದನ್ನು ವಾರಾಂತ್ಯಕ್ಕೆ ಸಾಗಿಸುವ ಸೌಲಭ್ಯವನ್ನೂ ಕೊಟ್ಟಿತು. ಹೊರೆ ಇರುವ ಹೊತ್ತು, ಇಲ್ಲದ ಹೊತ್ತು ಎಂದು ಭೇದ ಮಾಡುವುದು, ಉಳಿದ ಡೇಟಾವನ್ನು ಮುಂದಕ್ಕೆ ಸಾಗಿಸುವುದು ಎರಡೂ ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ. ಹೀಗಿರುವಾಗ ದಿನದ ಕೋಟಾ ಮುಖ್ಯವಾಗಿ ದುಬಾರಿ ಪ್ಯಾಕಿನತ್ತ, ಡೇಟಾ ಟಾಪ್‌ಅಪ್‌ನತ್ತ ಗ್ರಾಹಕರನ್ನು ನೂಕುವ ಮಾರಾಟದ ಲೆಕ್ಕಾಚಾರವಾಗಿ ಕೆಲಸ ಮಾಡುತ್ತಿದೆ.

28 ದಿನದ, ದಿನಕ್ಕೆ 1.5 ಜಿಬಿಯ ಪ್ಯಾಕಿನಲ್ಲಿ ಒಟ್ಟು 42 ಜಿಬಿ ಇದೆ. ಮಳೆಗಾಲದಲ್ಲಿ ಬಿಡಿಬಿಡಿಯಾಗಿ ಐದು ದಿನ ಟವರ್ ಸತ್ತರೆ ಏಳೂವರೆ ಜಿಬಿ ಹೋಯಿತು. ಬೆಂಗಳೂರಿನ ಗ್ರಾಹಕರೂ ಅಷ್ಟೇ ಹಣ ಕೊಡುತ್ತಾರೆ, ಅವರಿಗೆ 42 ಜಿಬಿಯೂ ಕೈಗೆಟುಕುತ್ತದೆ. ಒಟ್ಟು ಡೇಟಾವನ್ನು ಅವಧಿಯೊಳಗೆ ಯಾವಾಗ ಬೇಕಾದರೂ ಬಳಸಬಹುದು ಎಂದಿದ್ದರೆ ಕೊಡಗಿನವರಿಗೆ ಈ ನಷ್ಟ ಆಗುತ್ತಿರಲಿಲ್ಲ.

5ಜಿ ಬಂದ ಮೇಲೆ ಈ ಅಂತರ ಇನ್ನೂ ಹಿಗ್ಗಿದೆ. ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಹೊಸದರಲ್ಲಿ ಜಿಯೊ, ಏರ್‌ಟೆಲ್ ಎರಡೂ 239 ರೂಪಾಯಿಯ ಪ್ಯಾಕಿನಿಂದಲೇ 5ಜಿ ಡೇಟಾಗೆ ಕೋಟಾ ಇಲ್ಲ ಎಂದವು. 2024ರ ಜುಲೈ 3ರಂದು ದರ ಏರಿತು. ಜಿಯೊದ ದಿನಕ್ಕೆ 1.5 ಜಿಬಿಯ 28 ದಿನದ ಪ್ಯಾಕು 239ರಿಂದ 299 ರೂಪಾಯಿಗೆ, 2 ಜಿಬಿಯದು 299ರಿಂದ 349 ರೂಪಾಯಿಗೆ ಹೋಯಿತು. ಅದರ ಜತೆಗೇ ಮಿತಿಯಿಲ್ಲದ 5ಜಿ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಯಾಕುಗಳಿಗೆ ಮಾತ್ರ ಎಂಬ ಷರತ್ತು ಬಂತು.

ಈ ಸೌಲಭ್ಯದ ಮರ್ಮ ಇರುವುದು ಇನ್ನೊಂದು ಷರತ್ತಿನಲ್ಲಿ. ಫೋನು 5ಜಿ ಸಿಗ್ನಲ್ ಹಿಡಿದಿರುವಷ್ಟು ಹೊತ್ತು ಮಾತ್ರ ಮಿತಿ ಇಲ್ಲ. 4ಜಿಗೆ ಇಳಿದ ಕ್ಷಣದಿಂದ ದಿನದ ಕೋಟಾ ಕರಗತೊಡಗುತ್ತದೆ. ಭಾರತದಲ್ಲಿ 5ಜಿಯ ವೇಗ ಮುಖ್ಯವಾಗಿ ನಿಂತಿರುವುದು 3300 ಮೆಗಾಹರ್ಟ್ಸ್‌ನ ಸುತ್ತಲಿನ ತರಂಗಗಳ ಮೇಲೆ. ಅವು ಹೆಚ್ಚು ಡೇಟಾ ಹೊರಬಲ್ಲವು, ಆದರೆ ದೂರ ಹೋಗಲಾರವು. ಗುಡ್ಡ ಅಡ್ಡ ಬಂದರೆ, ಒದ್ದೆ ಎಲೆಗಳ ದಟ್ಟ ಮರಸಾಲು ಅಡ್ಡ ಬಂದರೆ ಸೋತುಬಿಡುತ್ತವೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ಕಣಿವೆಗೂ ಇಳಿಯಬಲ್ಲವು, ಆದರೆ ಅವುಗಳ ಪಟ್ಟಿ ಕಿರಿದು. ಆದ್ದರಿಂದ ನೆರಳಿನ ಮರಗಳ ಕೆಳಗಿನ ತೋಟದ ಮನೆಗೆ ಬಹುಪಾಲು ಸಮಯ ಸಿಗುವುದು 4ಜಿ. ಆ ಮನೆಯವರು 349 ರೂಪಾಯಿ ಕೊಟ್ಟರೂ ಅವರಿಗೆ ಮಿತಿ ಇದೆ, ಅದೇ 349 ಕೊಟ್ಟ ನಗರವಾಸಿಗೆ ಇಲ್ಲ. ಹೆಚ್ಚು ಬಳಸಿದವರಿಗೆ ಮಿತಿ ಎಂಬ ತತ್ವ ಇಲ್ಲಿ ತಲೆಕೆಳಗಾಗಿದೆ.

ತಂತಿಯ ಸಂಪರ್ಕ ಇರುವವರ ಲೆಕ್ಕ ನೋಡಿದರೆ ಇದು ಮತ್ತಷ್ಟು ಸ್ಪಷ್ಟ. ಬಿಎಸ್‌ಎನ್‌ಎಲ್‌ನ ತೆರಿಗೆ ಬಿಟ್ಟು ತಿಂಗಳಿಗೆ 499 ರೂಪಾಯಿಯ ಫೈಬರ್ ಪ್ಯಾಕಿನಲ್ಲಿ 3,300 ಜಿಬಿ ಸಿಗುತ್ತದೆ. ಜಿಯೊ, ಏರ್‌ಟೆಲ್‌ನ ಮನೆ ಫೈಬರ್‌ಗೂ ಗೆರೆ ಇರುವುದು ಅಷ್ಟರ ಆಸುಪಾಸಿನಲ್ಲೇ. ತಂತಿ ಇಲ್ಲದೆ ಗೋಡೆಯ ಹೊರಗೆ ಆಂಟೆನಾ ಇಟ್ಟು ಕೊಡುವ ಏರ್‌ಫೈಬರ್‌ಗೆ ಸಾವಿರ ಜಿಬಿ. ಅಂದರೆ ಫೈಬರ್ ಇರುವ ಪಟ್ಟಣದ ಮನೆಗೆ 3,300 ಜಿಬಿ, ಫೈಬರ್ ಮುಟ್ಟದ ತೋಟದ ಮನೆಗೆ 42 ಜಿಬಿ. ಎಪ್ಪತ್ತೆಂಟು ಪಟ್ಟು ವ್ಯತ್ಯಾಸ. ತಂತಿಗೂ ತರಂಗಕ್ಕೂ ಸಾಮರ್ಥ್ಯದಲ್ಲಿ ಅಂತರ ಇದ್ದೇ ಇದೆ. ಆದರೆ ನಿಯಮದಲ್ಲೂ ಅಂತರ ಇಟ್ಟಿರುವುದನ್ನು ಪ್ರಶ್ನಿಸಬೇಕಾಗಿದೆ. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಕೋಟಾ ಮುಗಿದರೂ ವೇಗ 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಯಬಾರದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಕಟ್ಟುಪಾಡು ಮಾಡಿದೆ. ಮೊಬೈಲ್‌ಗೆ ಅಂಥ ತಳಮಟ್ಟವನ್ನು ಗೊತ್ತು ಮಾಡಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು ಎಂದು ಅಧಿಸೂಚನೆ ಹೊರಡಿಸಿತು. 64 ಕೆಬಿಪಿಎಸ್ ಎಂದರೆ ಅದರ ಸುಮಾರು ಮೂವತ್ತರಲ್ಲಿ ಒಂದು ಪಾಲು.

ಇಂಥ ಮಿತಿಗಳು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಮೆರಿಕದ ಎರಡು ಪ್ರಕರಣಗಳಿವೆ. ಮಿತಿಯಿಲ್ಲದ ಪ್ಯಾಕ್ ಎಂದು ಮಾರಿ, 2011ರಿಂದ ಹೆಚ್ಚು ಬಳಸಿದ ಗ್ರಾಹಕರ ವೇಗ ಕುಗ್ಗಿಸಿದ್ದಕ್ಕೆ ಎಟಿ ಆ್ಯಂಡ್ ಟಿ ಕಂಪನಿಯ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2014ರ ಅಕ್ಟೋಬರ್‌ನಲ್ಲಿ ದಾವೆ ಹೂಡಿತು. ಪೆಟ್ಟು ತಿಂದ ಗ್ರಾಹಕರು 35 ಲಕ್ಷಕ್ಕೂ ಹೆಚ್ಚು. 2019ರ ನವೆಂಬರ್‌ನಲ್ಲಿ ಕಂಪನಿ 6 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ವೇಗಕ್ಕೆ ಮಿತಿ ಇದ್ದರೆ ಅದನ್ನು ಜಾಹೀರಾತಿನಲ್ಲೇ ಎದ್ದು ಕಾಣುವಂತೆ ಹೇಳಬೇಕು ಎಂಬುದು ರಾಜಿಯ ಮುಖ್ಯ ಷರತ್ತು.

ಎರಡನೆಯದು ಕ್ಯಾಲಿಫೋರ್ನಿಯಾದ್ದು. 2018ರ ಬೇಸಿಗೆಯಲ್ಲಿ ಮೆಂಡೊಸಿನೊ ಕಾಳ್ಗಿಚ್ಚು ಹಬ್ಬಿದಾಗ ಸಾಂಟಾ ಕ್ಲಾರಾ ಕೌಂಟಿಯ ಅಗ್ನಿಶಾಮಕ ದಳ ಒಂದು ವಾಹನವನ್ನೇ ಸಂಚಾರಿ ಕಚೇರಿ ಮಾಡಿಕೊಂಡು ಅಲ್ಲಿಂದ ಕಾರ್ಯಾಚರಣೆ ನಡೆಸುತ್ತಿತ್ತು. ಅದರಲ್ಲಿದ್ದ ವೆರಿಜಾನ್ ಸಿಮ್ ಅನ್‌ಲಿಮಿಟೆಡ್ ಪ್ಯಾಕಿನದು. ಬಳಕೆ ಹೆಚ್ಚಿತೆಂದು ಕಂಪನಿ ವೇಗವನ್ನು ಇನ್ನೂರರಲ್ಲಿ ಒಂದು ಪಾಲಿಗೆ ಇಳಿಸಿತು. ಬೆಂಕಿಯ ಮುಂದೆ ನಿಂತವರಿಗೆ ದುಬಾರಿ ಪ್ಯಾಕು ತೆಗೆದುಕೊಳ್ಳಿ ಎಂಬ ಉತ್ತರ ಬಂತು. ಆ ವರ್ಷದ ಆಗಸ್ಟ್‌ನಲ್ಲಿ ಇದು ನ್ಯಾಯಾಲಯದ ದಾಖಲೆಯ ಮೂಲಕ ಬಯಲಾಯಿತು, ತಮ್ಮ ಕಡೆಯಿಂದ ತಪ್ಪಾಗಿದೆ ಎಂದು ಕಂಪನಿ ಒಪ್ಪಿಕೊಂಡಿತು. ತುರ್ತು ಪರಿಸ್ಥಿತಿಯಲ್ಲಿ ರಕ್ಷಣಾ ಸಿಬ್ಬಂದಿಯ ನೆಟ್ ವೇಗ ಕುಗ್ಗಿಸಬಾರದೆಂದು ಕ್ಯಾಲಿಫೋರ್ನಿಯಾ ಮರುವರ್ಷ ಕಾನೂನು ಮಾಡಿತು.

ಅದೇ ಆಗಸ್ಟ್ 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದವು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮೊಣ್ಣಂಗೇರಿ ಕಡೆ ಮನೆ-ತೋಟಗಳು ಮಣ್ಣಿನಡಿ ಹೋದವು. ಮಡಿಕೇರಿ-ಸಂಪಾಜೆ ಹೆದ್ದಾರಿ ಕುಸಿಯಿತು. ರಸ್ತೆ ಕುಸಿದರೆ ಅದರ ಬದಿಯಲ್ಲಿ ಹೂತ ಕೇಬಲ್ಲೂ ಉಳಿಯುವುದಿಲ್ಲ. ಸಿಕ್ಕಿಬಿದ್ದವರು ಎಲ್ಲಿದ್ದಾರೆ, ಯಾವ ದಾರಿ ತೆರೆದಿದೆ, ಯಾವ ಪರಿಹಾರ ಕೇಂದ್ರದಲ್ಲಿ ಏನು ಬೇಕು ಎಂಬುದೆಲ್ಲ ಹರಿದಾಡಿದ್ದು ವಾಟ್ಸ್‌ಆ್ಯಪ್‌ನಲ್ಲಿ, ಫೋಟೊ ಮತ್ತು ಲೊಕೇಶನ್ ರೂಪದಲ್ಲಿ. ಅಂಥ ದಿನ ಊರಿನ ಹುಡುಗನೊಬ್ಬ ಬೆಳಗಿನಿಂದ ವಿಡಿಯೊ ಕಳಿಸುತ್ತಾ ಕೂತರೆ ಕಂಪನಿಯ ಲೆಕ್ಕದಲ್ಲಿ ಅವನು ವಿಪರೀತ ಬಳಕೆದಾರ. ಕೋಟಾ ಮುಗಿದಾಗ ಅವನ ಫೋನಿಗೂ 64 ಕೆಬಿಪಿಎಸ್. 2019ರಲ್ಲಿ ಮತ್ತೆ ಭೂಕುಸಿತವಾಯಿತು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟವೇ ಜಾರಿತು. ರೆಡ್ ಅಲರ್ಟ್ ಘೋಷಣೆಯಾದ ಜಿಲ್ಲೆಯಲ್ಲಿ ಅಷ್ಟು ದಿನ ಈ ಮಿತಿಯನ್ನು ಸಡಿಲಿಸಬೇಕು ಎಂಬ ನಿಯಮ ಬೇಕೆಂದು ಕೇಳಲು ಕೊಡಗಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ?

ನಿಯಮಗಳೇ ಇಲ್ಲವೆಂದಲ್ಲ. ಹೆಚ್ಚು ಹಣ ಕೊಡುವ ಗ್ರಾಹಕರಿಗೆ ಹೆಚ್ಚು ವೇಗದ ಆಶ್ವಾಸನೆ ಕೊಟ್ಟ ಏರ್‌ಟೆಲ್ ಪ್ಲಾಟಿನಂ ಮತ್ತು ವೊಡಾಫೋನ್ ಐಡಿಯಾದ ರೆಡ್‌ಎಕ್ಸ್ ಪ್ಯಾಕುಗಳನ್ನು ತಡೆಹಿಡಿಯುವಂತೆ ಟ್ರಾಯ್ 2020ರ ಜುಲೈನಲ್ಲಿ ಸೂಚಿಸಿತ್ತು. ಕೆಲವರಿಗೆ ಹೆಚ್ಚು ಕೊಟ್ಟರೆ ಉಳಿದವರಿಗೆ ಕಡಿಮೆಯಾಗುವುದಿಲ್ಲವೇ ಎಂಬುದು ಅದರ ಪ್ರಶ್ನೆಯಾಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಡೇಟಾ ಮಿತಿ ಎಷ್ಟು, ಮಿತಿ ದಾಟಿದ ಮೇಲೆ ವೇಗ ಎಷ್ಟು ಎಂಬುದನ್ನು ಪ್ಯಾಕಿನ ವಿವರದಲ್ಲಿ ಸ್ಪಷ್ಟವಾಗಿ ತಿಳಿಸಬೇಕು ಎಂದು ನಿರ್ದೇಶನ ನೀಡಿತು. ಕಂಪನಿಗಳ ಜಾಲತಾಣದಲ್ಲಿ ಈ ವಿವರ ಇದೆ. ಆದರೆ ಗೋಣಿಕೊಪ್ಪದ ಸಂತೆ ದಿನ ಅಂಗಡಿಯಲ್ಲಿ ರೀಚಾರ್ಜ್ ಮಾಡಿಸುವವರ ಕಣ್ಣಿಗೆ ಬೀಳುವುದು ಗೋಡೆಯ ಪೋಸ್ಟರಿನ ದಪ್ಪ ಅಕ್ಷರ. 64 ಎಂಬ ಅಂಕಿ ಅಲ್ಲಿಗೆ ಬರುವುದಿಲ್ಲ.

2024ರ ಆಗಸ್ಟ್‌ನಲ್ಲಿ ಟ್ರಾಯ್ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಾವಳಿಯಲ್ಲಿ ಕೊಡಗಿಗೆ ನೇರವಾಗಿ ತಾಗುವ ಎರಡು ಸಂಗತಿಗಳಿವೆ. ಎಲ್ಲೆಲ್ಲಿ 2ಜಿ, 4ಜಿ, 5ಜಿ ಸಿಗ್ನಲ್ ಇದೆ ಎಂಬ ನಕ್ಷೆಯನ್ನು ಕಂಪನಿಗಳು ಜಾಲತಾಣದಲ್ಲಿ ಪ್ರಕಟಿಸಬೇಕು. ರೀಚಾರ್ಜಿಗೆ ಮುನ್ನ ತಮ್ಮ ಊರಿಗೆ 5ಜಿ ಇದೆಯೇ ಎಂದು ನೋಡಿಕೊಂಡರೆ, ಮಿತಿಯಿಲ್ಲದ 5ಜಿ ಎಂಬ ಮಾತಿಗೆ ಐವತ್ತು ರೂಪಾಯಿ ಹೆಚ್ಚು ಕೊಡಬೇಕೇ ಬೇಡವೇ ಎಂಬುದು ತೀರ್ಮಾನವಾಗುತ್ತದೆ. ಎರಡನೆಯದು, ಒಂದು ಜಿಲ್ಲೆಯಲ್ಲಿ ಸೇವೆ 24 ಗಂಟೆಗೂ ಹೆಚ್ಚು ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆ ರಿಯಾಯಿತಿ, ಪ್ರಿಪೇಯ್ಡ್ ಗ್ರಾಹಕರಿಗೆ ಅಷ್ಟು ದಿನದ ಅವಧಿ ವಿಸ್ತರಣೆ ಕೊಡಬೇಕು. 2025ರ ಏಪ್ರಿಲ್ 1ರಿಂದ ಇದು ಜಾರಿಗೆ ಬಂತು. ಒಳ್ಳೆಯ ನಿಯಮ. ಆದರೆ ಅದರ ಅಳತೆಗೋಲು ಜಿಲ್ಲೆ. ಕರಿಕೆಯ ಟವರ್ ಮೂರು ದಿನ ಸತ್ತು, ಮಡಿಕೇರಿ, ಕುಶಾಲನಗರ, ವಿರಾಜಪೇಟೆಯಲ್ಲಿ ಸೇವೆ ನಡೆಯುತ್ತಿದ್ದರೆ ಅದು ಜಿಲ್ಲೆಯ ವ್ಯತ್ಯಯ ಎನಿಸಿಕೊಳ್ಳುವುದು ಕಷ್ಟ. ಕೊಡಗಿನ ಮಳೆಗಾಲದಲ್ಲಿ ಸಾಮಾನ್ಯವಾಗಿ ಆಗುವುದು ಇಂಥದ್ದೇ. ಯಾವ ಟವರ್ ಎಷ್ಟು ಹೊತ್ತು ನಿಂತಿತ್ತು ಎಂಬ ಲೆಕ್ಕ ಕಂಪನಿಗಳ ನಿಯಂತ್ರಣ ಕೊಠಡಿಯಲ್ಲಿ ನಿಮಿಷದ ನಿಖರತೆಯಲ್ಲಿ ಇರುತ್ತದೆ. ಪರಿಹಾರವನ್ನೂ ಅದೇ ಲೆಕ್ಕಕ್ಕೆ, ಕನಿಷ್ಠ ಹೋಬಳಿ ಮಟ್ಟಕ್ಕೆ ಇಳಿಸಲು ತಂತ್ರಜ್ಞಾನದ ಅಡ್ಡಿ ಏನಿಲ್ಲ.

ಕೇಳಬೇಕಾದದ್ದು ಬಹಳ ಇಲ್ಲ. ದಿನದ ಕೋಟಾದಲ್ಲಿ ಉಳಿದದ್ದು ಪ್ಯಾಕಿನ ಅವಧಿ ಮುಗಿಯುವವರೆಗೆ ಗ್ರಾಹಕರ ಖಾತೆಯಲ್ಲೇ ಇರಲಿ. ಟವರ್ ಮೇಲೆ ಹೊರೆ ಇಲ್ಲದ ಹೊತ್ತಿನಲ್ಲಾದರೂ ಇಳಿದ ವೇಗಕ್ಕೆ 512 ಕೆಬಿಪಿಎಸ್‌ನ ತಳಮಟ್ಟ ಇರಲಿ, ತಂತಿಯವರಿಗೆ ಸಿಕ್ಕ ರಕ್ಷಣೆ ತರಂಗದವರಿಗೂ ಸಿಗಲಿ. 5ಜಿ ಇಲ್ಲದ ಊರಿನವರಿಗೆ ಅದೇ ದರದ ಪ್ಯಾಕಿನಲ್ಲಿ 4ಜಿ ಕೋಟಾ ಹೆಚ್ಚಲಿ. ಇವುಗಳಿಗೆ ಹೊಸ ಟವರ್ ಬೇಕಿಲ್ಲ, ಬಿಲ್ಲಿಂಗ್ ಸರ್ವರಿನಲ್ಲಿ ಲೆಕ್ಕ ತಿದ್ದಿದರೆ ಸಾಕು. ಟವರ್ ಹಾಕುವ ಕೆಲಸ ತನ್ನಷ್ಟಕ್ಕೆ ನಡೆಯಬೇಕಾದದ್ದೇ. ಸಂಪರ್ಕವೇ ಇಲ್ಲದ ಹಳ್ಳಿಗಳಿಗೆ 4ಜಿ ಒಯ್ಯಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು ಬಿಎಸ್‌ಎನ್‌ಎಲ್‌ಗೆ ಒಪ್ಪಿಸಿತು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು.

ಈ ಬದಲಾವಣೆಗಳು ಆಗುವವರೆಗೆ ಗ್ರಾಹಕರ ಕೈಯಲ್ಲೂ ಕೆಲವು ದಾರಿಗಳಿವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ, ಆ್ಯಪ್‌ಗಳ ಅಪ್‌ಡೇಟನ್ನು ವೈಫೈಗೆ ಮೀಸಲಿಟ್ಟರೆ ಸಿಗ್ನಲ್ ಮರಳಿದ ದಿನದ ಕೋಟಾ ಮಧ್ಯಾಹ್ನಕ್ಕೇ ಖಾಲಿಯಾಗುವುದಿಲ್ಲ. ಸೇವೆ ನಿಂತ ದಿನಗಳನ್ನು ಬರೆದಿಟ್ಟುಕೊಂಡು 198ಕ್ಕೆ ದೂರು ಕೊಡಬೇಕು, ದೂರಿನ ಸಂಖ್ಯೆ ಕೇಳಿ ಪಡೆಯಬೇಕು. ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದು 39 ದಿನದೊಳಗೆ ತೀರ್ಮಾನ ಕೊಡಬೇಕು. ಟ್ರಾಯ್ ಬಿಡಿ ದೂರುಗಳನ್ನು ವಿಚಾರಿಸುವುದಿಲ್ಲ, ಆದರೆ ದೂರುಗಳ ಒಟ್ಟು ಲೆಕ್ಕ ಅದರ ವರದಿಗಳಿಗೆ ಸೇರುತ್ತದೆ. ಮೊಬೈಲ್ ಕಂಪನಿಗಳ ಮೇಲಿನ ದೂರನ್ನು ಗ್ರಾಹಕ ಆಯೋಗಗಳು ಕೇಳಬಹುದೇ ಎಂಬ ಬಹುಕಾಲದ ಅನುಮಾನವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಪರಿಹರಿಸಿದೆ: ಕೇಳಬಹುದು. ಕೊಡಗಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ಮಡಿಕೇರಿಯಲ್ಲೇ ಇದೆ. ಊರವರು ಸೇರಿ, ಒಂದು ಮಳೆಗಾಲದಲ್ಲಿ ತಮ್ಮ ಟವರ್ ಎಷ್ಟು ದಿನ ನಿಂತಿತ್ತು, ಹಣ ಕೊಟ್ಟೂ ಎಷ್ಟು ಜಿಬಿ ಕೈಗೆ ಸಿಗದೆ ಹೋಯಿತು ಎಂಬ ಪಟ್ಟಿ ಹಿಡಿದು ಅಲ್ಲಿಗೆ ಹೋದರೆ, ದಿನದ ಕೋಟಾವನ್ನು ಸಮರ್ಥಿಸಿಕೊಳ್ಳುವ ಹೊಣೆ ಕಂಪನಿಗಳ ಮೇಲೆ ಬೀಳುತ್ತದೆ.